ಇನ್ನೂ ಬರೆಯದ ಗ್ರಂಥಕ್ಕೆ ದಾನ

ದಾನವು ಶ್ರಾವಕರ ಷಟ್ಕರ್ಮಗಳಲ್ಲಿ ಒಂದೆಂಬುದನ್ನು ನಮ್ಮ ಮನೆಗಳಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಆಹಾರದಾನ, ಔಷಧದಾನ, ಶಾಸ್ತ್ರದಾನ, ಅಭಯದಾನ ಎಂಬ ನಾಲ್ಕು ಹೆಸರುಗಳು ಕನ್ನಡ ಮನೆಮಾತಿನವರ ಬಾಯಲ್ಲಿಯೂ, ಮಾರವಾಡಿ, ಗುಜರಾತಿ, ಮರಾಠಿ, ತೆಲುಗು ಮನೆಮಾತಿನವರ ಬಾಯಲ್ಲಿಯೂ ಒಂದೇ ರೀತಿಯಲ್ಲಿ ಕೇಳಿಬರುತ್ತವೆ. ನಮ್ಮೆಲ್ಲರಿಗೂ ಮಾನ್ಯವಾದ ತತ್ತ್ವಾರ್ಥಸೂತ್ರವು ಏಳನೆಯ ಅಧ್ಯಾಯದಲ್ಲಿ ದಾನದ ಲಕ್ಷಣವನ್ನು ನಿರೂಪಿಸುವಾಗ ಎರಡು ಅಂಶಗಳನ್ನು ಜೊತೆಯಾಗಿ ಇಡುತ್ತದೆ. ದಾನವು ಉಪಕಾರದ ಉದ್ದೇಶದಿಂದ ಆಗಬೇಕು. ಮತ್ತು ಅದರಲ್ಲಿ ತನ್ನದೆಂಬುದನ್ನು ಬಿಟ್ಟುಕೊಡುವ ಕ್ರಿಯೆ ಇರಬೇಕು. ಅದರ ಮುಂದೆಯೇ, ಕೊಡುವ ವಿಧಾನ, ಕೊಡುವ ವಸ್ತು, ಕೊಡುವವನು, ಪಡೆಯುವವನು ಈ ನಾಲ್ಕರ ಗುಣದಿಂದ ದಾನದ ಗುಣವೂ ಬೇರೆಬೇರೆಯಾಗುತ್ತದೆಂದು ತಿಳಿಸುತ್ತದೆ.

ವಸ್ತುವಿನ ವಿಚಾರವನ್ನು ನಾವು ಚೆನ್ನಾಗಿ ಅರಿತಿದ್ದೇವೆ. ಪಾತ್ರಾಪಾತ್ರ ವಿಚಾರವನ್ನೂ ಸಾಕಷ್ಟು ಮಾಡುತ್ತೇವೆ. ಆದರೆ ಬಿಟ್ಟುಕೊಡುವುದೆಂದರೆ ಎಷ್ಟನ್ನು ಬಿಟ್ಟುಕೊಡುವುದು ಎಂಬ ವಿಚಾರ ನಮ್ಮಲ್ಲಿ ಅಷ್ಟಾಗಿ ನಡೆದಂತಿಲ್ಲ. ಅನ್ನದಾನದಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಉಂಡವನು ಎದ್ದುಹೋದ ಮೇಲೆ ದಾನಿಗೆ ಹಿಂದಿರುಗುವುದು ಏನೂ ಉಳಿಯುವುದಿಲ್ಲ. ಧರ್ಮಶಾಲೆಯ ಕೋಣೆಗೆ ಹಣ ಕೊಟ್ಟಾಗ ಹಣವನ್ನು ಬಿಡುತ್ತೇವೆ, ಬಾಗಿಲ ಮೇಲಿನ ಹೆಸರನ್ನು ಮಾತ್ರ ಉಳಿಸಿಕೊಳ್ಳುತ್ತೇವೆ. (ಅದು ತಪ್ಪೆಂದು ನಾನು ಹೇಳುತ್ತಿಲ್ಲ, ಹೆಸರು ಕಂಡು ಇನ್ನೊಬ್ಬರು ಕೊಡಲು ಮುಂದಾಗುವುದೂ ಉಂಟು.) ಈ ಲೇಖನದಲ್ಲಿ ವಿಚಾರ ಮಾಡಬೇಕೆಂದಿರುವುದು, ಬಿಟ್ಟುಕೊಡುವುದು ಅತ್ಯಂತ ಕಠಿಣವಾಗುವ ಒಂದು ಬಗೆಯ ದಾನದ ಕುರಿತು: ವಿದ್ಯಾರ್ಥಿಗಳು ತಮ್ಮ ಊರಿನ ಜನಜೀವನವನ್ನು, ಅಲ್ಲಿನ ಅನ್ಯಾಯಗಳನ್ನು ತಾವೇ ಅಧ್ಯಯನ ಮಾಡಿ ತಿಳಿಯಲೆಂದು ಕೊಡುವ ಚಿಕ್ಕ ಧನಸಹಾಯ.

ಇದನ್ನು ಶಾಸ್ತ್ರದಾನದ ಸಾಲಿಗೆ ಸೇರಿಸಬಹುದೆಂದು ಮೊದಲ ನೋಟಕ್ಕೆ ತೋರುತ್ತದೆ. ಶಾಸ್ತ್ರದಾನವೆಂದೊಡನೆ ಕನ್ನಡಿಗರಿಗೆ ನೆನಪಾಗುವ ಹೆಸರು ಅತ್ತಿಮಬ್ಬೆಯದು. ಹತ್ತನೆಯ ಶತಮಾನದ ಈ ಮಹಾಶ್ರಾವಕಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಪೊನ್ನನಾದರೋ ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಸ್ಥಾನ ಕವಿ. ಆತನಿದ್ದ ಮಾನ್ಯಖೇಟ, ಎಂದರೆ ಇಂದಿನ ಮಳಖೇಡ, ನಮ್ಮ ನಾರಾಯಣಪೇಟೆಗೆ ಹೆಚ್ಚು ದೂರದ ಊರಲ್ಲ. ಓಲೆಗರಿಯ ಮೇಲೆ ಒಂದೊಂದಕ್ಷರವನ್ನೂ ಕೈಯಿಂದ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷದ ಅನ್ನ ಎಂಬುದನ್ನು ಊಹಿಸಿಕೊಂಡರೆ ಆ ದಾನದ ಗಾತ್ರ ತಿಳಿಯುತ್ತದೆ. ಆದರೂ ಒಂದು ವಿಷಯದಲ್ಲಿ ಅತ್ತಿಮಬ್ಬೆಗೆ ನಿಶ್ಚಿಂತೆಯಿತ್ತು. ಶಾಂತಿಪುರಾಣದಲ್ಲಿ ಏನಿದೆ ಎಂಬುದು ಆಕೆಗೆ ತಿಳಿದಿತ್ತು. ತಾನು ಪೂಜಿಸುವ ತೀರ್ಥಂಕರರ ಚರಿತ್ರೆಯನ್ನು, ತಾನು ಮೆಚ್ಚಿದ ಕವಿಯ ಕೃತಿಯನ್ನು ಆಕೆ ಹರಡಿದಳು. ವಿದ್ಯಾರ್ಥಿಗಳ ಅಧ್ಯಯನಕ್ಕೆ ಹಣ ಕೊಡುವವನು ಇನ್ನೂ ಬರೆಯದ ಗ್ರಂಥಕ್ಕೆ ಹಣ ಕೊಡುತ್ತಾನೆ. ಅದರಲ್ಲಿ ಏನು ಬರುವುದೆಂದು ಅವನಿಗೆ ತಿಳಿಯದು. ಬರೆಯುವ ಮಕ್ಕಳಿಗೂ ತಿಳಿಯದು. ಮೊದಲೇ ತಿಳಿದಿದ್ದರೆ ಅದು ಅಧ್ಯಯನವೇ ಅಲ್ಲ.

ಇಂಥ ಸಹಾಯ ಜಗತ್ತಿನಲ್ಲಿ ಹೊಸತೇನಲ್ಲ. ಅಮೆರಿಕದ ಕ್ಯಾಥರಿನ್ ವಾಸರ್‌ಮನ್ ಡೇವಿಸ್ ಎಂಬ ವೃದ್ಧೆ 2007ರಲ್ಲಿ ತಮ್ಮ ನೂರನೆಯ ಹುಟ್ಟುಹಬ್ಬದ ನೆನಪಿಗೆ ನೂರು ವಿದ್ಯಾರ್ಥಿ ಶಾಂತಿಯೋಜನೆಗಳಿಗೆ ತಲಾ 10,000 ಡಾಲರ್ ಕೊಟ್ಟರು. ನಮ್ಮ ದೇಶದಲ್ಲಿ 1993ರಿಂದ ನಡೆಯುತ್ತ ಬಂದ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮ ಊರಿನ ಕೆರೆ, ಬಾವಿ, ಬೆಳೆ, ಕಸ ಇವುಗಳನ್ನು ಒಬ್ಬ ಶಿಕ್ಷಕರ ಮಾರ್ಗದರ್ಶನದಲ್ಲಿ ಪರಿಶೀಲಿಸಿ ವರದಿ ಮಂಡಿಸುತ್ತಾರೆ. ಮುಂಬಯಿಯ 'ಪುಕಾರ್' ಸಂಸ್ಥೆ ಇನ್ನೂ ಮುಂದೆ ಹೋಯಿತು. ಅದು ಚಾಳು, ಕೊಳೆಗೇರಿಗಳ ಯುವಕ ಯುವತಿಯರನ್ನು ತಂಡಗಳಾಗಿ ಕೂಡಿಸಿ, ತಮ್ಮ ಬೀದಿಯ ಬದುಕನ್ನೇ ಒಂದು ವರ್ಷಕಾಲ ಸಂಶೋಧಿಸಲು ಸಣ್ಣ ವೇತನ ನೀಡಿತು. ಅದರ ಸ್ಥಾಪಕ ಅರ್ಜುನ್ ಅಪ್ಪಾದುರೈ 2006ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಸಂಶೋಧನೆ ಪಂಡಿತರ ಸೊತ್ತಲ್ಲ, ತನಗೆ ತಿಳಿಯದಿರುವುದನ್ನು ಕ್ರಮವಾಗಿ ತಿಳಿದುಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಹಕ್ಕು ಎಂಬ ವಾದವನ್ನು ಮುಂದಿಟ್ಟರು. ಇತ್ತ ತೆಲಂಗಾಣದ ಸರ್ಕಾರಿ ಪದವಿ ಕಾಲೇಜುಗಳಲ್ಲಿಯೂ 'ಜಿಜ್ಞಾಸ' ಎಂಬ ಹೆಸರಿನಲ್ಲಿ ವಿದ್ಯಾರ್ಥಿಗಳ ಅಧ್ಯಯನ ಯೋಜನೆಗಳು ನಡೆದಿವೆ. ಗದ್ವಾಲದ ಸರ್ಕಾರಿ ಕಾಲೇಜು ಸಂಸ್ಥಾನದ ಮಹಾರಾಣಿ ಆದಿಲಕ್ಷ್ಮಿ ದೇವಮ್ಮನವರ ಹೆಸರನ್ನು ಹೊತ್ತು ನಿಂತಿರುವುದನ್ನು ನೋಡಿದರೆ, ವಿದ್ಯೆಗೆ ಕೊಡುವ ಪರಂಪರೆ ಈ ನೆಲಕ್ಕೂ ಅಪರಿಚಿತವಲ್ಲವೆಂದು ಕಾಣುತ್ತದೆ.

ಹಾಗಾದರೆ ನಮ್ಮ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳಲ್ಲಿ ವಿದ್ಯಾರ್ಥಿಗಳು ಕೇಳಬೇಕಾದ ಪ್ರಶ್ನೆಗಳಾದರೂ ಯಾವುವು? ಹುಡುಕಬೇಕಾದ ಅಗತ್ಯವಿಲ್ಲ, ಅವು ದಾರಿಯಲ್ಲಿಯೇ ಬಿದ್ದಿವೆ.

ಭಾಷೆಯ ಪ್ರಶ್ನೆಯನ್ನೇ ತೆಗೆದುಕೊಳ್ಳಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಗದ್ವಾಲ, ಆಲಂಪುರ ತಾಲೂಕುಗಳು ರಾಯಚೂರು ಜಿಲ್ಲೆಯಲ್ಲಿದ್ದವು. ಆ ವರ್ಷ ನವೆಂಬರ್ 1ರಂದು ರಾಯಚೂರು ಮೈಸೂರಿಗೆ ಹೋಯಿತು, ಈ ತಾಲೂಕುಗಳು ಆಂಧ್ರಕ್ಕೆ ಬಂದವು. ಮಹಬೂಬನಗರ ಜಿಲ್ಲೆ ಒಡೆದು 2016ರಲ್ಲಿ ಗದ್ವಾಲವೂ 2019ರಲ್ಲಿ ನಾರಾಯಣಪೇಟೆಯೂ ಜಿಲ್ಲಾಕೇಂದ್ರಗಳಾದವು. ಗಡಿಗಳು ಇಷ್ಟು ಸಲ ಬದಲಾದರೂ ಮಕ್ತಲಿನ ಆಚೆ ಕೃಷ್ಣಾ ಮಂಡಲದ ಹಳ್ಳಿಗಳ ಮನೆಮಾತು ಕನ್ನಡವಾಗಿಯೇ ಉಳಿದಿದೆ, ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಇವೆ. ಹತ್ತನೆಯ ತರಗತಿಯನ್ನು ಕನ್ನಡದಲ್ಲಿ ಮುಗಿಸಿದ ಹುಡುಗಿ ಮುಂದೆ ನದಿ ದಾಟಿ ರಾಯಚೂರಿಗೆ ಹೋಗುವಳೋ, ತೆಲುಗು ಇಲ್ಲವೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರುವಳೋ, ಅಥವಾ ಓದನ್ನೇ ನಿಲ್ಲಿಸುವಳೋ? ಈ ಮೂರು ದಾರಿಗಳಲ್ಲಿ ಯಾವುದರಲ್ಲಿ ಎಷ್ಟು ಮಂದಿ ಹೋದರು ಎಂಬುದನ್ನು ಆ ಹಳ್ಳಿಗಳದೇ ಇಬ್ಬರು ವಿದ್ಯಾರ್ಥಿಗಳು ಮನೆಮನೆ ತಿರುಗಿದರೆ ಒಂದು ಬೇಸಿಗೆ ರಜೆಯಲ್ಲಿ ತಿಳಿದುಬಿಡುತ್ತದೆ. ಬಸ್ ಚಾರ್ಜು, ಜೆರಾಕ್ಸ್, ನೋಟುಪುಸ್ತಕ ಬಿಟ್ಟರೆ ಅದಕ್ಕೆ ಬೇರೆ ಖರ್ಚಿಲ್ಲ.

ಮಗ್ಗದ ಪ್ರಶ್ನೆ ಇನ್ನೊಂದು. ನಾರಾಯಣಪೇಟೆಯ ಚೌಕಳಿ ಹತ್ತಿಸೀರೆಯೂ, ಹತ್ತಿಯ ಒಡಲಿಗೆ ರೇಷ್ಮೆಯ ಅಂಚನ್ನು ಕೂಡಿಸುವ ಗದ್ವಾಲದ ಸೀರೆಯೂ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿವೆ. ನಾರಾಯಣಪೇಟೆಯ ಮಗ್ಗದಲ್ಲಿ ಒಂದು ಹಾಸಿಗೆ ಎಂಟು ಸೀರೆ ನೇಯುವ ರೂಢಿ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯು ದೇಶದಲ್ಲಿ ನೇಕಾರರೂ ಪೂರಕ ಕೆಲಸಗಾರರೂ ಸೇರಿ 35 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಲೆಕ್ಕಹಾಕಿತು. ಅವರಲ್ಲಿ ನೂರಕ್ಕೆ 72ರಷ್ಟು ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಸುಮಾರು ಎರಡು ಪಾಲಿನ ಆದಾಯ ತಿಂಗಳಿಗೆ 5,000 ರೂಪಾಯಿಗಿಂತ ಕಡಿಮೆಯೆಂದೂ ಅದೇ ಗಣತಿ ತೋರಿಸಿತು. ಇವು ದೇಶದ ಅಂಕಿಗಳು. ನಮ್ಮ ಬೀದಿಯ ಅಂಕಿಗಳು ಯಾರ ಬಳಿ ಇವೆ? ಕುಣಿಮಗ್ಗದಲ್ಲಿ ಕುಳಿತವನಿಗೆ ಸೀರೆಯ ಲೆಕ್ಕದಲ್ಲಿ ಮಜೂರಿ ಸಿಗುತ್ತದೆ. ಅವನ ಹೆಂಡತಿ ಗಂಜಿ ಹಾಕಿದ್ದು, ಮಗಳು ಕಂಡಿಕೆ ಸುತ್ತಿದ್ದು ಆ ಮಜೂರಿಯಲ್ಲಿ ಎಷ್ಟು ಗಂಟೆಯ ದುಡಿಮೆಯಾಗಿ ಸೇರಿದೆ, ಅಥವಾ ಸೇರಿಯೇ ಇಲ್ಲವೆ ಎಂಬುದನ್ನು ಒಬ್ಬ ವಿದ್ಯಾರ್ಥಿನಿ ಗಡಿಯಾರ ಹಿಡಿದು ಹತ್ತು ಮನೆಗಳಲ್ಲಿ ಬರೆದಿಟ್ಟುಕೊಂಡರೆ, ದೆಹಲಿಯ ಗಣತಿಯಲ್ಲಿ ಕಾಣದ ಸಂಗತಿ ಅಲ್ಲಿ ಕಂಡೀತು.

ಹತ್ತಿಬೀಜದ ಸಂಗತಿಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಅಧ್ಯಯನವೆಂಬುದು ಕರುಣೆಗಿಂತ ಹೇಗೆ ಬೇರೆ, ಕರುಣೆಗೆ ಅದೇಕೆ ಬೇಕು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುವಂತಿದೆ. 1970ರಲ್ಲಿ ಗುಜರಾತಿನ ಸೂರತ್ ಸಂಶೋಧನಾ ಕೇಂದ್ರದಿಂದ ಹೊರಬಂದ ಮಿಶ್ರತಳಿಯ ಹತ್ತಿ ದೇಶದ ಬೇಸಾಯವನ್ನೇ ಬದಲಿಸಿತು. ಈ ಬೀಜವನ್ನು ಪ್ರತಿವರ್ಷ ಹೊಸದಾಗಿ ಮಾಡಬೇಕು, ಅದೂ ಕೈಯಿಂದಲೇ. ಹೆಣ್ಣುಸಾಲಿನ ಗಿಡಗಳಲ್ಲಿ ಮರುದಿನ ಅರಳಲಿರುವ ಮೊಗ್ಗುಗಳ ಕೇಸರವನ್ನು ಸಂಜೆ ಒಂದೊಂದಾಗಿ ಬಿಡಿಸಿ ತೆಗೆಯುತ್ತಾರೆ. ಮರುದಿನ ಬೆಳಗ್ಗೆ ಗಂಡುಸಾಲಿನ ಹೂವನ್ನು ತಂದು ಅದರ ಪರಾಗವನ್ನು ಆ ಮೊಗ್ಗಿಗೆ ಸವರುತ್ತಾರೆ. 'ಕ್ರಾಸಿಂಗ್' ಎಂದು ಜನ ಕರೆಯುವ ಈ ಕೆಲಸ ಮಳೆಗಾಲದ ನಡುವಿನಿಂದ ತಿಂಗಳುಗಟ್ಟಲೆ ಬಿಡುವಿಲ್ಲದೆ ಸಾಗುತ್ತದೆ, ಶಾಲೆಯ ತಿಂಗಳುಗಳೂ ಅವೇ. ಗದ್ವಾಲದ ಸುತ್ತಿನ ಹೊಲಗಳು ಈ ಬೀಜೋತ್ಪಾದನೆಗೆ ಹೆಸರಾದವು. ಮಹಬೂಬನಗರ, ಕರ್ನೂಲು ಜಿಲ್ಲೆಗಳ ಬೀಜದ ಹೊಲಗಳಲ್ಲಿ ದುಡಿಯುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚಾಗಿದ್ದಾರೆಂಬುದನ್ನೂ, ಹಂಗಾಮಿಗೆ ಮೊದಲೇ ತಂದೆತಾಯಿಗಳಿಗೆ ಮುಂಗಡ ಕೊಟ್ಟು ಮಕ್ಕಳನ್ನು ಗೊತ್ತುಮಾಡಿಕೊಳ್ಳುವ ಪದ್ಧತಿಯಿದೆಯೆಂಬುದನ್ನೂ ದಾವುಲೂರಿ ವೆಂಕಟೇಶ್ವರ್ಲು ಅವರ ಅಧ್ಯಯನಗಳು 2000ದ ದಶಕದ ಆರಂಭದಲ್ಲಿ ಹೊರಜಗತ್ತಿಗೆ ತಿಳಿಸಿದವು.

ಇದನ್ನು ಓದಿದ ಸಜ್ಜನರು ಏನು ಮಾಡುತ್ತಿದ್ದರು? ಮಗುವಿಗೆ ನೋಟುಪುಸ್ತಕ, ಚೀಲ, ಸಮವಸ್ತ್ರ ಕೊಡುತ್ತಿದ್ದರು. ರೈತನನ್ನು ನಿರ್ದಯನೆಂದು ಬೈಯುತ್ತಿದ್ದರು. ಚಿಕ್ಕ ಬೆರಳುಗಳು ಈ ಕೆಲಸಕ್ಕೆ ತಕ್ಕವು ಎಂಬ ಸಮಾಧಾನವೂ ಕೇಳಿಬರುತ್ತಿತ್ತು. ಆದರೆ 2005ರಲ್ಲಿ ಅದೇ ಸಂಶೋಧಕರು ಲೂಸಿಯಾ ಡ ಕೋರ್ಟಾ ಎಂಬವರೊಡನೆ ಸೇರಿ ಇನ್ನೊಂದು ಪ್ರಶ್ನೆ ಕೇಳಿದರು: ಕಂಪನಿ ರೈತನಿಗೆ ಬೀಜಕ್ಕೆ ಕೊಡುವ ಬೆಲೆ ಎಷ್ಟು, ಆ ಬೆಲೆಯಲ್ಲಿ ರೈತನು ದೊಡ್ಡವರಿಗೆ ದೊಡ್ಡವರ ಕೂಲಿ ಕೊಟ್ಟು ಬೀಜ ಬೆಳೆಯಬಲ್ಲನೆ? ಆ ಬೆಲೆಗೂ ಮಕ್ಕಳ ದುಡಿಮೆಗೂ ನೇರ ಸಂಬಂಧವಿದೆಯೆಂದು ಅವರ ಲೆಕ್ಕ ತೋರಿಸಿತು. ಕರುಣೆಗೆ ಕಂಡದ್ದು ಹೊಲದಲ್ಲಿ ಬಾಗಿ ನಿಂತ ಮಗು. ಲೆಕ್ಕಕ್ಕೆ ಕಂಡದ್ದು ಆ ಮಗುವಿನ ಹಿಂದೆ ರೈತ, ರೈತನ ಹಿಂದೆ ದಲ್ಲಾಳಿ, ದಲ್ಲಾಳಿಯ ಹಿಂದೆ ಕಂಪನಿ, ಕಂಪನಿಯ ಕಾಗದದಲ್ಲಿ ಒಂದು ದರ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅಧಿಕ ಭಾರವನ್ನು ಹೇರುವುದೂ ಒಂದೆಂದು ನಾವು ಓದುತ್ತೇವೆ. ಭಾರ ಹೇರುವ ಕೈ ಹೀಗೆ ನಾಲ್ಕು ಊರುಗಳಾಚೆ ಇದ್ದಾಗ, ಅದು ಯಾರದೆಂಬುದನ್ನು ಹುಡುಕದೆ ವ್ರತವನ್ನು ಪಾಲಿಸುವುದಾದರೂ ಹೇಗೆ? 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಂದಿದೆ. 2016ರ ತಿದ್ದುಪಡಿಯಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಸಿಕೊಳ್ಳುವುದು, ಶಾಲೆ ಬಿಟ್ಟ ಮೇಲಿನ ಮನೆಗೆಲಸದಂಥ ವಿನಾಯಿತಿಗಳನ್ನುಳಿದು, ಎಲ್ಲ ಕಡೆಯೂ ನಿಷಿದ್ಧವಾಗಿದೆ. ಈ ಕಾಯಿದೆಗಳಾದ ಮೇಲೆ ನಮ್ಮ ಹಳ್ಳಿಗಳಲ್ಲಿ ಏನು ಬದಲಾಯಿತು, ಹದಿನಾಲ್ಕು ದಾಟಿದ ಹುಡುಗಿಯರ ಗತಿಯೇನು ಎಂಬುದನ್ನು ಕೇಳಲು ಗದ್ವಾಲದ ವಿದ್ಯಾರ್ಥಿಗಿಂತ ಹೆಚ್ಚು ಅರ್ಹರು ಯಾರು? ಅವಳ ಶಾಲೆಯ ಹಾಜರಿ ಪುಸ್ತಕದಲ್ಲಿ ಸೆಪ್ಟೆಂಬರ್ ತಿಂಗಳ ಪುಟವೊಂದನ್ನು ತೆರೆದರೆ ಪ್ರಶ್ನೆ ಅಲ್ಲಿಂದಲೇ ಹೊರಡುತ್ತದೆ.

ಇಲ್ಲಿಗೆ ಬಂದಾಗ ದಾನಿಯ ಎದೆಯಲ್ಲಿ ಒಂದು ಅಳುಕು ಹುಟ್ಟುವುದು ಸಹಜ. ಬೆಲೆಯ ಜಾಡನ್ನು ಹಿಡಿದು ಹೊರಟ ಮಕ್ಕಳು ಎಲ್ಲಿಗೆ ಬಂದು ನಿಲ್ಲುತ್ತಾರೆ? ನಾವು ವ್ಯಾಪಾರಸ್ಥ ಸಮಾಜದವರು. ನೂಲು, ಬಟ್ಟೆ, ಬೀಜ, ಧಾನ್ಯ, ಬಂಗಾರ, ಸಾಲ ಇವುಗಳ ನಡುವೆ ನಮ್ಮ ಸಂಸಾರ ಸಾಗುತ್ತದೆ. ಮಕ್ತಲಿನ ಮೂವರು ವಿದ್ಯಾರ್ಥಿನಿಯರು ನಮ್ಮ ಟ್ರಸ್ಟಿನಿಂದಲೇ ಐದು ಸಾವಿರ ರೂಪಾಯಿ ಪಡೆದು ನೇಕಾರರ ಲೆಕ್ಕವನ್ನು ಕೇಳಲು ಹೋದರೆಂದು ಭಾವಿಸೋಣ. ನೂಲನ್ನು ಉದ್ದರಿ ಕೊಟ್ಟು ಮಜೂರಿಯಲ್ಲಿ ಮುರಿದುಕೊಳ್ಳುವ ದರವನ್ನು ನೇಕಾರನಿಗೆ ತೋರಿಸಿದವರೇ ಇಲ್ಲವೆಂದು ಅವರಿಗೆ ತಿಳಿಯಿತೆನ್ನೋಣ. ಆ ಅಂಗಡಿ ಪ್ರತಿವರ್ಷ ಪ್ರಭಾವನೆಗೆ ಉದಾರವಾಗಿ ಕೊಡುವ ಮನೆತನದ್ದೆನ್ನೋಣ. ಆಗ ಟ್ರಸ್ಟಿಗಳ ಸಭೆಯಲ್ಲಿ ಏನಾಗುತ್ತದೆ? ನನ್ನ ದೃಷ್ಟಿಯಲ್ಲಿ ದಾನದ ನಿಜವಾದ ಪರೀಕ್ಷೆ ಅಂದು. ಚೆಕ್ಕಿಗೆ ಸಹಿ ಹಾಕಿದ ದಿನದ್ದು ಸುಲಭದ ಕೆಲಸ.

ಈ ಬಗೆಯ ದಾನದ ವಿರುದ್ಧ ಮೂರು ಮಾತುಗಳನ್ನು ಹಿರಿಯರು ಹೇಳುವುದುಂಟು. ಹಸಿದವನ ಮುಂದೆ ಪ್ರಶ್ನಾವಳಿ ಇಡುವುದು ಯಾವ ಧರ್ಮ ಎಂಬುದು ಒಂದು. ಅದಕ್ಕೆ ಉತ್ತರ ಹತ್ತಿಬೀಜದ ಕಥೆಯಲ್ಲಿಯೇ ಬಂದಿದೆ. ಅನ್ನ ಕೊಡುವುದನ್ನು ನಿಲ್ಲಿಸಿ ಪ್ರಶ್ನೆ ಕೇಳಿರೆಂದು ಯಾರೂ ಹೇಳುತ್ತಿಲ್ಲ.

ಹುಡುಗರು ಅಪಕ್ವರು, ಅರ್ಧ ತಿಳಿದು ಪೂರ್ಣ ಬರೆಯುತ್ತಾರೆ ಎಂಬುದು ಎರಡನೆಯದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ನಮ್ಮ ನಾಡಿನಲ್ಲಿಯೇ ಇದಕ್ಕೆ ವಿರುದ್ಧವಾದ ದೊಡ್ಡ ಅನುಭವವೊಂದಿದೆ. 2006ರಿಂದ ಅವಿಭಜಿತ ಆಂಧ್ರಪ್ರದೇಶದಲ್ಲಿ ಉದ್ಯೋಗ ಖಾತರಿ ಕಾಮಗಾರಿಗಳ ಸಾಮಾಜಿಕ ತಪಾಸಣೆ ನಡೆಯಿತು. ತಪಾಸಣೆ ಮಾಡಿದವರು ದೊಡ್ಡ ಲೆಕ್ಕಿಗರಲ್ಲ; ಕೂಲಿಕಾರರ ಮನೆಗಳ ಓದಿದ ಹುಡುಗ ಹುಡುಗಿಯರು. ಅವರಿಗೆ ಕೆಲವು ದಿನಗಳ ತರಬೇತಿ ಕೊಡಲಾಯಿತು. ಅವರು ಹಾಜರಿ ಪಟ್ಟಿಯನ್ನು ಹಿಡಿದು ಮನೆಮನೆಗೆ ಹೋಗಿ, 'ನೀವು ಇಷ್ಟು ದಿನ ಕೆಲಸ ಮಾಡಿದಿರಾ, ಇಷ್ಟು ಹಣ ಬಂತೆ' ಎಂದು ಕೇಳಿ, ದೊರೆತ ಉತ್ತರವನ್ನು ಊರಸಭೆಯಲ್ಲಿ ಎಲ್ಲರೆದುರು ಓದಿದರು. ದುಡಿಮೆ ಹುಡುಕಿ ದೇಶದ ಅಣೆಕಟ್ಟುಗಳಿಗೆಲ್ಲ ವಲಸೆ ಹೋದ ಪಾಲಮೂರಿನ ಕೂಲಿಗಳ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ಇನ್ನೂ ಗಮನಿಸಬೇಕಾದದ್ದು, ಈ ತಪಾಸಣೆಗೆ ಹಣ ಕೊಟ್ಟದ್ದು ಸರ್ಕಾರವೇ. ತನ್ನ ಇಲಾಖೆಯ ತಪ್ಪನ್ನು ಹುಡುಕಲು ಸರ್ಕಾರ ತಾನೇ ದುಡ್ಡು ಕೊಟ್ಟಿತು. 2009ರಲ್ಲಿ ಆ ಕೆಲಸವನ್ನು ಇಲಾಖೆಯಿಂದ ಬೇರ್ಪಡಿಸಿ ಸ್ವತಂತ್ರ ಸಂಸ್ಥೆಯೊಂದಕ್ಕೆ ಒಪ್ಪಿಸಿತು. ಈ ಪದ್ಧತಿಯ ಬೇರು ನಮ್ಮಲ್ಲಿ ಅನೇಕರ ಪೂರ್ವಜರ ನೆಲದಲ್ಲಿಯೇ ಇದೆ. ರಾಜಸ್ಥಾನದ ಪಾಲಿ ಜಿಲ್ಲೆಯ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ 1994ರ ಡಿಸೆಂಬರಿನಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮೊದಲ ಜನಸುನವಾಯಿ ನಡೆಸಿ ಕೂಲಿಯ ಲೆಕ್ಕವನ್ನು ಬಹಿರಂಗವಾಗಿ ಓದಿದರು. 2005ರ ಮಾಹಿತಿ ಹಕ್ಕಿನ ಕಾಯಿದೆಗೆ ದಾರಿ ಮಾಡಿದ ಹೋರಾಟ ಅಂಥ ಸಭೆಗಳಿಂದ ಬೆಳೆಯಿತು.

ಅಪಕ್ವತೆಯ ಆಕ್ಷೇಪಕ್ಕೆ ನಮ್ಮ ಅನೇಕಾಂತ ದೃಷ್ಟಿಯೂ ಒಂದು ವಿಧಾನವನ್ನು ಸೂಚಿಸುತ್ತದೆ. ವಿದ್ಯಾರ್ಥಿಗಳ ವರದಿ ಒಂದು ನಯ. ಅದೇ ಸಮಗ್ರ ಸತ್ಯವೆಂದು ಯಾರೂ ಸಾಧಿಸಬೇಕಾಗಿಲ್ಲ. ಅಂಗಡಿಯವರಿಗೆ ಅವರದೇ ಲೆಕ್ಕವಿರುತ್ತದೆ: ನೂಲಿನ ಬೆಲೆಯ ಏರಿಳಿತ, ಬಾಕಿ ಬಾರದ ಸಾಲ, ವಿದ್ಯುತ್ ಮಗ್ಗದ ನಕಲಿ ಸೀರೆಯ ಪೈಪೋಟಿ. ಆ ಉತ್ತರವನ್ನು ಅದೇ ಪುಸ್ತಕದಲ್ಲಿ, ಅಷ್ಟೇ ಗಾತ್ರದ ಅಕ್ಷರದಲ್ಲಿ ಅಚ್ಚುಹಾಕಲಿ. ದಾನಿಗೆ ಉತ್ತರ ಹೇಳುವ ಹಕ್ಕಿದೆ, ಅಳಿಸುವ ಹಕ್ಕಿಲ್ಲ. ಹಣ ಕೊಟ್ಟವನು ಪುಟವನ್ನು ಹರಿಯಬಹುದಾದರೆ ಅವನು ಕೊಟ್ಟದ್ದು ದಾನವಲ್ಲ, ಜಾಹೀರಾತಿನ ಶುಲ್ಕ.

ಮೂರನೆಯ ಆಕ್ಷೇಪವೇ ಭಾರವಾದದ್ದು. ಇವು ಚಿಕ್ಕ ಊರುಗಳು. ನೇಕಾರನೂ ಸಾಹುಕಾರನೂ ಒಂದೇ ಬೀದಿಯಲ್ಲಿ ಎದುರುಬದುರಾಗಿ ಮುಖ ನೋಡಿಕೊಂಡು ಬಾಳಬೇಕು. ಮಗಳ ಮದುವೆಗೆ, ಆಸ್ಪತ್ರೆಗೆ ರಾತ್ರಿ ಹೊತ್ತು ಬಾಗಿಲು ತಟ್ಟುವುದು ಅದೇ ಸಾಹುಕಾರನ ಮನೆಯಲ್ಲಿ. ಅಚ್ಚಾದ ಒಂದು ತಪ್ಪು ಅಂಕಿ ಮೂವತ್ತು ವರ್ಷದ ನಂಬಿಕೆಯನ್ನು ಕೆಡಿಸೀತು, ಮತ್ತು ಕೆಟ್ಟದ್ದರ ಪೆಟ್ಟು ಮೊದಲು ಬೀಳುವುದು ನೇಕಾರನ ಮೇಲೆಯೇ; ಉದ್ದರಿ ನಿಂತುಹೋಗುವುದು ಅವನಿಗೆ, ಹುಡುಗಿಯರಿಗಲ್ಲ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಪ್ರಶ್ನೆ ಕೇಳುವುದರಲ್ಲಿಯೂ ಹಿಂಸೆ ಸಾಧ್ಯ. ನಮ್ಮ ಸೀಮೆಯ ಜೋಗಿನಿ ಪದ್ಧತಿಯನ್ನು ನೆನೆಯಿರಿ. 1988ರ ಕಾಯಿದೆ ಅದನ್ನು ನಿಷೇಧಿಸಿತು. ಆ ಕಷ್ಟಕ್ಕೆ ಗುರಿಯಾದ ಹೆಂಗಸರ ಪಟ್ಟಿಯೊಂದು ಪಿಂಚಣಿಗೆ, ನಿವೇಶನಕ್ಕೆ ಬೇಕಾಗುತ್ತದೆ. ಅದೇ ಪಟ್ಟಿ ಊರಿನ ಕೈಗೆ ಸಿಕ್ಕರೆ ಆಕೆಯ ಮಗಳ ಮದುವೆಯನ್ನು ಮುರಿಯುತ್ತದೆ. ಇಪ್ಪತ್ತು ವರ್ಷದ ಹುಡುಗನೊಬ್ಬ ಪ್ರಶ್ನಾವಳಿ ಹಿಡಿದು ಆ ಬಾಗಿಲಿಗೆ ಹೋಗಿ ನಿಲ್ಲುವುದನ್ನು ನಾನು ಒಪ್ಪಲಾರೆ, ಅವನ ಉದ್ದೇಶ ಎಷ್ಟೇ ಶುದ್ಧವಾಗಿರಲಿ.

ಆದುದರಿಂದ ವಿಧಿಯ ಪ್ರಶ್ನೆ ಬರುತ್ತದೆ. ಕೇಳಲ್ಪಟ್ಟವರ ಹೆಸರು, ಮನೆ, ಓಣಿ ಗುರುತಾಗುವಂತೆ ಏನನ್ನೂ ಬರೆಯಬಾರದು. 'ಹೇಳಲಾರೆ' ಎಂದವರನ್ನು ಎರಡನೆಯ ಸಲ ಕೇಳಬಾರದು. ವರದಿಯನ್ನು ಕಾಲೇಜಿನಲ್ಲಿ ಮಂಡಿಸುವ ಮೊದಲು, ಟ್ರಸ್ಟಿಗೆ ಒಪ್ಪಿಸುವ ಮೊದಲು, ಯಾರ ಮನೆಯಲ್ಲಿ ಕುಳಿತು ಕೇಳಿದೆವೋ ಅವರೆದುರು ಓದಿ ತೋರಿಸಬೇಕು. ಅವರು ಬೇಡವೆಂದ ಸಾಲನ್ನು ಹೊಡೆದುಹಾಕಬೇಕು. ಅಳಿಸುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿದೆ. ಓದುವುದೂ ಅವರ ಭಾಷೆಯಲ್ಲಿಯೇ ಆಗಬೇಕು: ಕೃಷ್ಣಾ ಮಂಡಲದಲ್ಲಿ ಕನ್ನಡದಲ್ಲಿ, ಗದ್ವಾಲದ ಹಳ್ಳಿಯಲ್ಲಿ ತೆಲುಗಿನಲ್ಲಿ, ನಾರಾಯಣಪೇಟೆಯ ಕೆಲವು ಓಣಿಗಳಲ್ಲಿ ಮರಾಠಿಯಲ್ಲಿ. ಇಂಗ್ಲಿಷಿನಲ್ಲಿ ಅಚ್ಚಾಗಿ ಹೈದರಾಬಾದಿನ ಕಪಾಟು ಸೇರುವ ವರದಿಯಿಂದ ನೇಕಾರನಿಗೆ ಏನು ಲಾಭ? ಆರೋಪಕ್ಕೆ ಗುರಿಯಾಗುವವರಿಗೂ ಅಚ್ಚಿಗೆ ಮೊದಲೇ ತೋರಿಸಬೇಕು. ಇಷ್ಟು ಮಾಡಿದರೂ ಮನಸ್ತಾಪ ಆಗಲಾರದೆಂದು ನಾನು ಭರವಸೆ ಕೊಡಲಾರೆ. ಆಗಬಹುದು. ಪ್ರಶ್ನೆ ಕೇಳದಿದ್ದಾಗ ಊರಿನಲ್ಲಿ ಇರುವುದೆಲ್ಲ ಶಾಂತಿಯೇ, ಅಥವಾ ಅದರಲ್ಲಿ ಒಂದು ಪಾಲು ಬಾಯಿಲ್ಲದವರ ಮೌನವೇ ಎಂಬುದನ್ನು ಮಾತ್ರ ವಾಚಕರು ತಮ್ಮಷ್ಟಕ್ಕೆ ವಿಚಾರಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ಮೊತ್ತ ಚಿಕ್ಕದಾಗಿರುವುದೇಕೆ ಲೇಸು ಎಂಬುದನ್ನೂ ಹೇಳಬೇಕು. ಲಕ್ಷ ಲಕ್ಷ ಕೊಟ್ಟರೆ ಕಚೇರಿ ಬರುತ್ತದೆ, ಸಲಹಾ ಸಮಿತಿ ಬರುತ್ತದೆ, ಕೊಟ್ಟವನ ಇಷ್ಟವೇನೆಂದು ಊಹಿಸಿ ಬರೆಯುವ ಜಾಣರೂ ಬರುತ್ತಾರೆ. ಐದು ಸಾವಿರ, ಹತ್ತು ಸಾವಿರಕ್ಕೆ ಯಾರೂ ಆತ್ಮಸಾಕ್ಷಿಯನ್ನು ಮಾರಿಕೊಳ್ಳಬೇಕಾಗಿಲ್ಲ. ಅಧ್ಯಯನ ಸರಿಯಾಗಿ ನಡೆಯದಿದ್ದರೂ ಟ್ರಸ್ಟಿಗೆ ದೊಡ್ಡ ನಷ್ಟವಿಲ್ಲ. ಹತ್ತರಲ್ಲಿ ನಾಲ್ಕು ಗುಂಪುಗಳು ಏನೂ ಹೊಸತು ಕಾಣದೆ ಹಿಂದಿರುಗಿದರೂ ಆ ಮಕ್ಕಳು ತಮ್ಮ ಊರನ್ನು ಒಮ್ಮೆ ನಡೆದು ನೋಡಿದಂತಾಯಿತು.

ಆದರೆ ಚಿಕ್ಕ ಮೊತ್ತದಲ್ಲ್ಲಿಯೂ ಖರ್ಚಿನ ಪಟ್ಟಿಯನ್ನು ಕಣ್ಣಿಟ್ಟು ನೋಡಬೇಕು. ಆ ಮೂವರು ವಿದ್ಯಾರ್ಥಿನಿಯರು ಸಲ್ಲಿಸುವ ಪಟ್ಟಿ ಸುಮಾರಾಗಿ ಹೀಗಿದ್ದೀತು: ಬಸ್ ಚಾರ್ಜು, ಪ್ರಶ್ನಾವಳಿಯ ಜೆರಾಕ್ಸ್, ನೋಟುಪುಸ್ತಕ, ಪೆನ್ನು, ಮೊಬೈಲ್ ರೀಚಾರ್ಜ್, ಮಧ್ಯಾಹ್ನದ ಊಟ, ವರದಿಯ ಟೈಪಿಂಗ್. ಕೊನೆಯಲ್ಲಿ ಒಂದು ಸಾಲು: ಮೂವರಲ್ಲಿ ಒಬ್ಬಳಿಗೆ ಎಂಟು ಭಾನುವಾರದ ಕೂಲಿ ನಷ್ಟ. ಅವಳು ಭಾನುವಾರಗಳಲ್ಲಿ ತಾಯಿಯ ಜೊತೆ ಹೊಲಕ್ಕೆ ಹೋಗುವವಳು. ಅಧ್ಯಯನಕ್ಕೆ ಹೊರಟರೆ ಆ ದಿನದ ಹಣ ಮನೆಗೆ ಬಾರದು. ನಮ್ಮ ಸಭೆಗಳ ರೀತಿಯನ್ನು ಬಲ್ಲವನಾದುದರಿಂದ ಹೇಳುತ್ತೇನೆ, ಕಾರ್ಯದರ್ಶಿಗಳ ಕೆಂಪು ಪೆನ್ನು ಮೊದಲು ಹೋಗುವುದು ಆ ಸಾಲಿನ ಮೇಲೆಯೇ. ಓದುವ ಮಕ್ಕಳಿಗೆ ಕೂಲಿ ಯಾಕೆ, ಸೇವೆಯೆಂದು ಮಾಡಲಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಸಾಲನ್ನು ಹೊಡೆದರೆ ಉಳಿದ ಇಬ್ಬರು ಹೋಗುತ್ತಾರೆ, ಅವಳು ನಿಲ್ಲುತ್ತಾಳೆ. ನೇಕಾರನ ಮನೆಯಲ್ಲಿ ಕುಳಿತು ಕೂಲಿಯ ಲೆಕ್ಕವನ್ನು ಕೇಳಬಲ್ಲವಳು, ಕೇಳಿದ್ದು ಸರಿಯೋ ತಪ್ಪೋ ಎಂದು ತಕ್ಷಣ ಅರಿಯಬಲ್ಲವಳು ಅವಳೊಬ್ಬಳೇ ಆಗಿರಬಹುದು. ಬೇಕಾದರೆ ಟೈಪಿಂಗಿನ ಖರ್ಚನ್ನು ತೆಗೆಯಿರಿ, ವರದಿ ಕೈಬರಹದಲ್ಲಿಯೇ ಇರಲಿ. ಆ ಎಂಟು ಭಾನುವಾರಗಳ ಸಾಲನ್ನು ಮಾತ್ರ ಪಟ್ಟಿಯಲ್ಲಿ ಹಾಗೆಯೇ ಬಿಡಿ.